ಪಿತ್ತಕೋಶದ ಕೀಹೋಲ್ ಶಸ್ತ್ರಚಿಕಿತ್ಸೆ: ಅರಿವಳಿಕೆಗೆ ಸಿದ್ಧರಾಗುವ ಸರಿಯಾದ ಕ್ರಮ

ಪಿತ್ತಕೋಶದಲ್ಲಿ ಕಲ್ಲಿದೆ, ಪಿತ್ತಕೋಶವನ್ನೇ ಕೀಹೋಲ್ ಮೂಲಕ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ತೆಗೆಯಬೇಕು ಎಂದು ತೀರ್ಮಾನವಾದ ಮೇಲೆ ಮನೆಯವರು ಶಸ್ತ್ರಚಿಕಿತ್ಸಕರಲ್ಲಿ ಹತ್ತಾರು ಪ್ರಶ್ನೆಗಳನ್ನು ಕೇಳುತ್ತಾರೆ. ಅರಿವಳಿಕೆಯ ಬಗ್ಗೆ ಮಾತ್ರ ಒಂದೇ ಪ್ರಶ್ನೆ: ‘ಎಚ್ಚರವಾಗುತ್ತದೆ ತಾನೇ?’ ಆದರೆ ರೋಗಿಯನ್ನು ಓಟಿಯ (ಶಸ್ತ್ರಚಿಕಿತ್ಸಾ ಕೊಠಡಿಯ) ಬಾಗಿಲಿನಿಂದ ವಾರ್ಡಿಗೆ ವಾಪಸ್ ಕಳುಹಿಸಬೇಕಾಗಿ ಬಂದಾಗ, ಅರಿವಳಿಕೆ ತಜ್ಞೆಯಾಗಿ ನಾನು ಕಂಡಂತೆ, ಕಾರಣ ಹೆಚ್ಚಾಗಿ ಅರಿವಳಿಕೆಯ ಸಿದ್ಧತೆಯಲ್ಲೇ ಇರುತ್ತದೆ. ಬೆಳಗಿನ ಒಂದು ಲೋಟ ಕಾಫಿ, ಮೂರು ದಿನ ಮೊದಲೇ ನಿಲ್ಲಿಸಬೇಕಾಗಿದ್ದ ಸಕ್ಕರೆ ಕಾಯಿಲೆಯ ಮಾತ್ರೆ, ಹೇಳದೆ ಬಿಟ್ಟ ಹೃದಯದ ಸ್ಟೆಂಟ್, ಎರಡು ಬೆರಳಿನಷ್ಟೂ ತೆರೆಯದ ಬಾಯಿ. ಇವೆಲ್ಲವೂ ಮೊದಲೇ ಸರಿಪಡಿಸಬಹುದಾದ ಸಂಗತಿಗಳು.

ಈ ಮಾರ್ಗದರ್ಶಿ ದಿನಾಂಕ ನಿಗದಿಯಾದ, ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದರ ಅಂತಿಮ ನಿರ್ಧಾರ ನಿಮ್ಮನ್ನು ಕಣ್ಣಾರೆ ನೋಡಿದ ವೈದ್ಯರದ್ದೇ ಆಗಿರಬೇಕು. ಅವರ ಮುಂದೆ ಯಾವ ವಿಷಯವನ್ನು, ಯಾವಾಗ, ಹೇಗೆ ಇಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದ್ದೇನೆ.

ಹಂತಗಳಿಗೆ ಮುನ್ನ: ಹೊಟ್ಟೆಗೆ ತುಂಬುವ ಅನಿಲ

ಗಾಯ ಚಿಕ್ಕದಾದ್ದರಿಂದ ಅರಿವಳಿಕೆಯೂ ಹಗುರವಾದದ್ದೇ ಎಂದು ಅನೇಕರು ಭಾವಿಸುತ್ತಾರೆ. ಕೀಹೋಲ್ ವಿಧಾನದಲ್ಲಿ ಕ್ಯಾಮೆರಾ ಮತ್ತು ಉಪಕರಣಗಳಿಗೆ ಜಾಗ ಮಾಡಿಕೊಡಲು ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ತುಂಬಲಾಗುತ್ತದೆ. ಈ ಒತ್ತಡವು ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಶ್ವಾಸಕೋಶ ಹಿಗ್ಗಲು ಸಿಗುವ ಜಾಗ ಕಡಿಮೆಯಾಗುತ್ತದೆ, ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ, ಹೃದಯವು ಹೆಚ್ಚು ಪ್ರತಿರೋಧದ ಎದುರು ರಕ್ತವನ್ನು ತಳ್ಳಬೇಕಾಗುತ್ತದೆ. ಅನಿಲದ ಒಂದು ಭಾಗ ರಕ್ತಕ್ಕೆ ಸೇರುತ್ತದೆ, ಅದು ಉಸಿರಿನ ಮೂಲಕವೇ ಹೊರಹೋಗಬೇಕು. ಇದರ ಜೊತೆಗೆ, ಕರುಳು ಕೆಳಗೆ ಸರಿದು ಪಿತ್ತಕೋಶ ಕಾಣಿಸಲೆಂದು ಟೇಬಲ್ಲನ್ನು ತಲೆಯ ಕಡೆ ಎತ್ತರಿಸಿ, ಸ್ವಲ್ಪ ಎಡಕ್ಕೆ ವಾಲಿಸುತ್ತಾರೆ.

ಆದ್ದರಿಂದಲೇ ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ, ಶ್ವಾಸನಾಳಕ್ಕೆ ಟ್ಯೂಬ್ ಹಾಕಿ, ಉಸಿರಾಟವನ್ನು ಯಂತ್ರದ ಹತೋಟಿಗೆ ತೆಗೆದುಕೊಂಡು ಮಾಡುತ್ತಾರೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುವುದು ಆಯ್ದ ಕೆಲವರಲ್ಲಿ ಸಾಧ್ಯವಿದೆ, ಆದರೆ ಅದು ವಾಡಿಕೆಯ ವಿಧಾನವಲ್ಲ. ‘ಸಿಸೇರಿಯನ್‌ಗೆ ಬೆನ್ನಿಗೆ ಕೊಟ್ಟಿದ್ದರು, ಇದಕ್ಕೂ ಅದೇ ಸಾಕು’ ಎಂದು ಒತ್ತಾಯಿಸಬೇಡಿ.

ಕೈಯಲ್ಲಿ ಇರಬೇಕಾದವು

ಒಂದು ಫೈಲ್, ಒಂದು ಚೀಲ, ಜೊತೆಗೆ ಎಲ್ಲವೂ ಗೊತ್ತಿರುವ ಮನೆಯ ಒಬ್ಬ ವ್ಯಕ್ತಿ. ಫೈಲಿನಲ್ಲಿ ಹಳೆಯ ಡಿಸ್ಚಾರ್ಜ್ ಪತ್ರಗಳು, ಇಸಿಜಿ, ಎಕೋ, ಸ್ಕ್ಯಾನಿಂಗ್ ವರದಿಗಳು, ಸ್ಟೆಂಟ್ ಹಾಕಿಸಿಕೊಂಡಿದ್ದರೆ ಅದರ ದಿನಾಂಕವಿರುವ ಕಾಗದ ಇರಲಿ. ಚೀಲದಲ್ಲಿ ಸದ್ಯ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು (ಸ್ಟ್ರಿಪ್‌ಗಳನ್ನು) ಹಾಗೆಯೇ ತನ್ನಿ. ‘ಬಿಳಿ ಮಾತ್ರೆ, ಬಿಪಿಯದ್ದು’ ಎಂಬ ವಿವರಣೆಯಿಂದ ನಮಗೆ ಏನೂ ತಿಳಿಯುವುದಿಲ್ಲ. ಮಾತ್ರೆಯ ಪಟ್ಟಿಯ ಬೆನ್ನಿನಲ್ಲಿ ಅಚ್ಚಾದ ಔಷಧದ ಹೆಸರು ಬೇಕು. ಅರ್ಧ ಹರಿದುಹೋದ ಪಟ್ಟಿಯಾದರೂ ಸರಿ.

ಹಂತ 1: ಕನಿಷ್ಠ ಎರಡು ವಾರ ಮೊದಲು ಅರಿವಳಿಕೆ ತಪಾಸಣೆ

ಇದನ್ನು ‘ಫಿಟ್‌ನೆಸ್’ ಎಂದು ಕರೆಯುವುದು ರೂಢಿ. ಸಾಮಾನ್ಯ ತಪ್ಪೆಂದರೆ ಇದನ್ನು ಹಿಂದಿನ ದಿನ ಸಂಜೆಗೆ ಉಳಿಸಿಕೊಳ್ಳುವುದು. ಅಷ್ಟು ಹೊತ್ತಿಗೆ ರಕ್ತಹೀನತೆಯನ್ನಾಗಲಿ, ಹತೋಟಿ ತಪ್ಪಿದ ಸಕ್ಕರೆಯನ್ನಾಗಲಿ ಸರಿಪಡಿಸಲು ಸಮಯವಿರುವುದಿಲ್ಲ, ಧೂಮಪಾನ ಬಿಟ್ಟ ಪ್ರಯೋಜನವೂ ಪೂರ್ತಿ ಸಿಗುವುದಿಲ್ಲ. ಬೀಡಿ, ಸಿಗರೇಟು ಸೇದುವವರು ನಾಲ್ಕು ವಾರ ಮೊದಲೇ ನಿಲ್ಲಿಸಿದರೆ ಒಳ್ಳೆಯದು. ಅದು ಆಗದಿದ್ದರೆ ಕೊನೆಯ ಒಂದು ದಿನವಾದರೂ ಸೇದದಿರಿ, ಏಕೆಂದರೆ ಅಷ್ಟರಲ್ಲೇ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ.

ರಕ್ತಪರೀಕ್ಷೆಯ ವರದಿಗಿಂತ ನಿಮ್ಮ ಬಾಯಿಂದ ಬರುವ ಉತ್ತರಗಳೇ ಈ ತಪಾಸಣೆಯಲ್ಲಿ ಹೆಚ್ಚು ಬೆಲೆಯುಳ್ಳವು. ಎರಡು ಮಹಡಿ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಬಲ್ಲಿರಾ? ಮಂಡಿನೋವಿನಿಂದ ನಿಲ್ಲುತ್ತೀರೋ, ಏದುಸಿರಿನಿಂದಲೋ? ರಾತ್ರಿ ಮಲಗುವಾಗ ಎಷ್ಟು ದಿಂಬು ಬೇಕು? ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ರೋಗಿಗೆ ಉತ್ತರ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಗೊತ್ತಿರುತ್ತದೆ. ಅವರೇ ಜೊತೆಗೆ ಬರಲಿ ಎನ್ನುವುದು ಇದಕ್ಕಾಗಿ.

ಹೃದಯಾಘಾತವಾಗಿ 60 ದಿನ ಕಳೆದಿಲ್ಲದಿದ್ದರೆ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡಲಾಗುತ್ತದೆ. ‘ಹೇಳಿದರೆ ಆಪರೇಷನ್ ಮಾಡುವುದಿಲ್ಲ’ ಎಂಬ ಭಯದಿಂದ ಹಳೆಯ ಎದೆನೋವನ್ನೋ ಸ್ಟೆಂಟನ್ನೋ ಮುಚ್ಚಿಡುವ ಕುಟುಂಬಗಳಿವೆ. ಹೇಳಿದ ವಿಷಯಕ್ಕೆ ನಾವು ಸಿದ್ಧತೆ ಮಾಡಿಕೊಳ್ಳಬಲ್ಲೆವು. ಉದಾಹರಣೆಗೆ, ದುರ್ಬಲ ಹೃದಯವಿರುವವರಲ್ಲಿ ಹೊಟ್ಟೆಯ ಅನಿಲವನ್ನು ಕಡಿಮೆ ಒತ್ತಡದಲ್ಲಿ, ನಿಧಾನವಾಗಿ ತುಂಬುವಂತೆ ಶಸ್ತ್ರಚಿಕಿತ್ಸಕರನ್ನು ಕೇಳಿಕೊಳ್ಳುತ್ತೇವೆ. ಹೇಳದೆ ಬಿಟ್ಟ ವಿಷಯ ಟೇಬಲ್ಲಿನ ಮೇಲೆ ತಾನಾಗಿಯೇ ಹೊರಬರುತ್ತದೆ.

ಮನೆತನದ ಚರಿತ್ರೆಯನ್ನೂ ಹೇಳಿ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಗಂಟೆಗಟ್ಟಲೆ ಉಸಿರಾಟ ಮರಳದೆ ವೆಂಟಿಲೇಟರ್‌ನಲ್ಲಿ ಇಡಬೇಕಾಯಿತೇ, ವಿಪರೀತ ಜ್ವರ ಏರಿತೇ ಎಂಬುದು ಮುಖ್ಯ. ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧವನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ ಅಥವಾ ತೀರಾ ಕಡಿಮೆ ಇರುತ್ತದೆ. ಅಂಥವರಲ್ಲಿ ಕೆಲವೇ ನಿಮಿಷ ಇರಬೇಕಾದ ಪರಿಣಾಮ ಗಂಟೆಗಳವರೆಗೆ ಮುಂದುವರಿಯುತ್ತದೆ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚಾಗಿ ಕಂಡುಬಂದಿರುವುದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಆದ್ದರಿಂದ ಸಮುದಾಯದ ಬಗ್ಗೆ ಅರಿವಳಿಕೆ ತಜ್ಞರು ಕೇಳಿದರೆ ಬೇಸರಿಸಬೇಡಿ. ಆ ಔಷಧವನ್ನು ಬಿಟ್ಟು ಬೇರೆಯದನ್ನು ಬಳಸುವುದಷ್ಟೇ ಪರಿಹಾರ.

*ಎಚ್ಚರಿಕೆಯ ಚಿಹ್ನೆಗಳು:* ಕಣ್ಣು ಹಳದಿಯಾಗಿದ್ದರೆ, ಮೂತ್ರದ ಬಣ್ಣ ಗಾಢವಾಗಿದ್ದರೆ, ಚಳಿಜ್ವರವಿದ್ದರೆ ನಿಗದಿತ ದಿನಕ್ಕಾಗಿ ಕಾಯದೆ ತಿಳಿಸಿ. ಕಲ್ಲು ಪಿತ್ತನಾಳಕ್ಕೆ ಇಳಿದಿರಬಹುದು, ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಕುಂದಿರಬಹುದು. ಕಫದ ಕೆಮ್ಮು ಅಥವಾ ಜ್ವರವಿದ್ದರೂ ದಿನಾಂಕ ಮುಂದಕ್ಕೆ ಹೋಗಬಹುದು. ಮುಟ್ಟು ತಪ್ಪಿದ್ದರೆ ನಾಚಿಕೆಪಡದೆ ಹೇಳಿ.

ಹಂತ 2: ಬಾಯಿ ಎಷ್ಟು ತೆರೆಯುತ್ತದೆ ಎಂದು ಮನೆಯಲ್ಲೇ ನೋಡಿ

ಅಡಿಕೆ ಬೆಳೆಯುವ, ಅಡಿಕೆ ಜಗಿಯುವ ನಮ್ಮ ನಾಡಿನಲ್ಲಿ ಈ ಹಂತಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು. ರೋಗಿ ಬಾಯಿಯನ್ನು ಪೂರ್ತಿ ತೆರೆದು, ತಮ್ಮದೇ ಕೈಯ ತೋರು, ನಡು ಮತ್ತು ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಟ್ಟು ನೋಡಲಿ. ಮೂರು ಬೆರಳು ಹಿಡಿದರೆ ಸರಿ. ಎರಡಕ್ಕೇ ನಿಂತರೆ ತಪಾಸಣೆಯ ದಿನ ಮೊದಲ ಮಾತಾಗಿ ಅದನ್ನೇ ಹೇಳಿ.

ವರ್ಷಗಟ್ಟಲೆ ಅಡಿಕೆ ಅಥವಾ ಗುಟ್ಕಾ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು, ಗಡುಸಾಗಿ, ಪಟ್ಟಿಯಂತೆ ಬಿಗಿದುಕೊಳ್ಳುತ್ತದೆ. ಖಾರದ ಊಟ ಉರಿಯುವುದು ಇದರ ಮೊದಲ ಸೂಚನೆ, ಬಾಯಿ ತೆರೆಯಲಾಗದಿರುವುದು ನಂತರದ್ದು. ಇದು ನಿಧಾನವಾಗಿ ಬರುವುದರಿಂದ ರೋಗಿಗೆ ಗೊತ್ತಾಗುವುದೇ ಇಲ್ಲ. ರೊಟ್ಟಿಯನ್ನು ಚಿಕ್ಕದಾಗಿ ಮುರಿದು ತಿನ್ನುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಅರಿವಳಿಕೆ ಕೊಟ್ಟರೆ ಈ ಬಿಗಿತ ಸಡಿಲವಾಗುವುದಿಲ್ಲ, ಏಕೆಂದರೆ ಇದು ಸ್ನಾಯುವಿನ ಬಿಗಿತವಲ್ಲ. ಮೊದಲೇ ಗೊತ್ತಿದ್ದರೆ ರೋಗಿ ಎಚ್ಚರವಿರುವಾಗಲೇ, ಮೂಗು ಮತ್ತು ಗಂಟಲನ್ನು ಮರಗಟ್ಟಿಸಿ, ತೆಳುವಾದ ಫೈಬರ್‌ಆಪ್ಟಿಕ್ ದರ್ಶಕದ ನೆರವಿನಿಂದ ಮೂಗಿನ ಮೂಲಕ ಟ್ಯೂಬ್ ಹಾಕಬಹುದು. ಆ ಉಪಕರಣ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲವಾದ್ದರಿಂದ ಎರಡು ವಾರದ ಮುನ್ಸೂಚನೆ ಬೇಕೇಬೇಕು.

ಅಲ್ಲಾಡುವ ಹಲ್ಲು, ಕ್ಯಾಪ್, ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಈಗಲೇ ತಿಳಿಸಿ. ಟ್ಯೂಬ್ ಹಾಕಲು ಗಂಟಲನ್ನು ನೋಡುವ ಲೋಹದ ಉಪಕರಣವಾದ ಲ್ಯಾರಿಂಗೋಸ್ಕೋಪನ್ನು ಬಾಯಿಯೊಳಗೆ ಇಳಿಸುವಾಗ ಅಲ್ಲಾಡುವ ಹಲ್ಲು ಉದುರಿ ಶ್ವಾಸನಾಳಕ್ಕೆ ಜಾರಬಹುದು.

ಹಂತ 3: ಮಾತ್ರೆಗಳನ್ನು ಒಂದೊಂದಾಗಿ ವಿಂಗಡಿಸಿಕೊಳ್ಳಿ

ಹೆಚ್ಚು ಗೊಂದಲವಾಗುವುದು ಇಲ್ಲೇ. ಕೆಲವರು ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿ ಬರುತ್ತಾರೆ, ಕೆಲವರು ಎಲ್ಲವನ್ನೂ ನುಂಗಿ ಬರುತ್ತಾರೆ. ಎರಡೂ ಅಪಾಯಕಾರಿ. ಚೀಲದಲ್ಲಿರುವ ಪ್ರತಿಯೊಂದು ಮಾತ್ರೆಯ ಮುಂದೆ ‘ಯಾವ ದಿನದಿಂದ ಬೇಡ’, ‘ಬೆಳಿಗ್ಗೆ ಬೇಕೇ’ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ.

ಸಕ್ಕರೆ ಕಾಯಿಲೆಯ ಔಷಧಗಳಲ್ಲಿ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕನಾಗ್ಲಿಫ್ಲೋಜಿನ್ ಹೆಸರುಗಳನ್ನು ಗಮನವಿಟ್ಟು ಹುಡುಕಿ. ಇವನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಉಪವಾಸದ ಸಮಯದಲ್ಲಿ ಸಕ್ಕರೆ ಹೆಚ್ಚದೆಯೇ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು. ಗ್ಲುಕೋಮೀಟರಿನಲ್ಲಿ ಸಂಖ್ಯೆ ಚೆನ್ನಾಗಿಯೇ ಕಾಣುವುದರಿಂದ ಇದು ಮೋಸಗೊಳಿಸುತ್ತದೆ. ಈ ಔಷಧಗಳು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತು ಬರುತ್ತವೆ, ಹೃದಯಕ್ಕೆಂದು ಬರೆದುಕೊಟ್ಟಿರುವುದೂ ಉಂಟು. ಹಾಗಾಗಿ ಪಟ್ಟಿಯ ಬೆನ್ನನ್ನು ಪೂರ್ತಿ ಓದಿ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ಗಳನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಬಿಡಲಾಗುತ್ತದೆ. ಇನ್ಸುಲಿನ್‌ನ ಹಿಂದಿನ ರಾತ್ರಿಯ ಮತ್ತು ಬೆಳಗಿನ ಪ್ರಮಾಣವನ್ನು ಕೇಳಿ ಬರೆಸಿಕೊಳ್ಳಿ, ಅಂದಾಜಿನ ಮೇಲೆ ಹಾಕಬೇಡಿ. ತೂಕ ಇಳಿಸಲು ಅಥವಾ ಸಕ್ಕರೆಗೆ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ ಜಠರ ಖಾಲಿಯಾಗುವುದು ನಿಧಾನ. ಅದನ್ನು ತಪಾಸಣೆಯ ದಿನವೇ ತಿಳಿಸಿ.

ರಕ್ತದೊತ್ತಡದ ಮಾತ್ರೆಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್, ಅಮ್ಲೋಡಿಪಿನ್‌ಗಳನ್ನು ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನೊಂದಿಗೆ ತೆಗೆದುಕೊಳ್ಳುವುದು ವಾಡಿಕೆ. ಮೊದಲ ಎರಡನ್ನು ಹಠಾತ್ತಾಗಿ ನಿಲ್ಲಿಸುವುದು ಹೃದಯಕ್ಕೆ ಹಾನಿಕರ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಗುಂಪಿನವನ್ನು ಮಾತ್ರ ಅನೇಕ ತಜ್ಞರು 24 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ, ಏಕೆಂದರೆ ಅರಿವಳಿಕೆ ಕೊಟ್ಟೊಡನೆ ಬಿಪಿ ತೀರಾ ಕುಸಿಯಬಹುದು. ಥೈರಾಯ್ಡ್ ಮಾತ್ರೆ, ಮೂರ್ಛೆರೋಗದ ಮಾತ್ರೆ, ಆಸ್ತಮಾದ ಇನ್‌ಹೇಲರ್ ತಪ್ಪಿಸಬೇಡಿ. ಇನ್‌ಹೇಲರನ್ನು ಓಟಿಯವರೆಗೂ ಜೊತೆಗೆ ತನ್ನಿ.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯದಲ್ಲಿ ಸ್ವಂತ ನಿರ್ಧಾರ ಸಲ್ಲದು. ಕ್ಲೊಪಿಡೊಗ್ರೆಲ್ ಮತ್ತು ವಾರ್ಫರಿನ್‌ಗಳನ್ನು ಸಾಮಾನ್ಯವಾಗಿ 5 ದಿನ ಅಥವಾ ಅದಕ್ಕೂ ಮೊದಲು ನಿಲ್ಲಿಸುತ್ತಾರೆ, ಆಸ್ಪಿರಿನ್ ಅನ್ನು ಸ್ಟೆಂಟ್ ಇರುವವರಲ್ಲಿ ಮುಂದುವರಿಸುವುದೇ ಹೆಚ್ಚು. ಹೃದ್ರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಮೂವರಿಗೂ ಒಂದೇ ದಿನಾಂಕ ಗೊತ್ತಿರುವಂತೆ ನೋಡಿಕೊಳ್ಳಿ.

ಮಂಡಿನೋವಿಗೆಂದು ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿಗಳನ್ನು ಯಾರೂ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇರುತ್ತದೆ. ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡ ದೇಹ ಶಸ್ತ್ರಚಿಕಿತ್ಸೆಯ ಒತ್ತಡವನ್ನು ತಾನಾಗಿ ಎದುರಿಸಲಾರದು. ಪುಡಿಯನ್ನೂ ಕಷಾಯವನ್ನೂ ಚೀಲದಲ್ಲಿ ತಂದು ತೋರಿಸಿ.

ಹಂತ 4: ಉಪವಾಸ ಎಂದರೆ ಏನೆಂದು ಸ್ಪಷ್ಟವಾಗಿ ಕೇಳಿಕೊಳ್ಳಿ

ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಓಟಿಯ ಹೊರಗಿನ ಟ್ರಾಲಿಯ ಮೇಲೆ ಮಲಗಿಸಿದ್ದರು. ‘ಏನಾದರೂ ತಿಂದಿದ್ದೀರಾ ಅಜ್ಜಿ?’ ಎಂದು ಕೇಳಿದಾಗ ‘ಇಲ್ಲವ್ವ, ನಿನ್ನೆ ರಾತ್ರಿ ಉಂಡಿದ್ದೇ’ ಎಂದರು. ಕೈ ಹಿಡಿದು ‘ಏನಾದರೂ ಕುಡಿದಿರಾ?’ ಎಂದು ಮತ್ತೊಮ್ಮೆ ಕೇಳಿದೆ. ‘ಒಂದ್ ಲೋಟ ಕಾಫಿ. ಅದಿಲ್ಲ ಅಂದ್ರೆ ತಲೆ ಸಿಡಿಯುತ್ತೆ’ ಎಂದರು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಕನ್ನಡದಲ್ಲಿ ಕಾಫಿ ‘ತಿನ್ನುವ’ ವಸ್ತುವಲ್ಲ, ಆದ್ದರಿಂದ ನಮ್ಮ ಪ್ರಶ್ನೆಗೆ ಅವರ ಉತ್ತರ ಸರಿಯಾಗಿಯೇ ಇತ್ತು. ಅಂದಿನಿಂದ ನಾನು ಎರಡೂ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತೇನೆ. ಮನೆಯವರೂ ಹಾಗೆಯೇ ಕೇಳಬೇಕು.

ಅರಿವಳಿಕೆಯಲ್ಲಿ ಕೆಮ್ಮುವ, ನುಂಗುವ ಸಹಜ ರಕ್ಷಣೆ ಇಲ್ಲವಾಗುತ್ತದೆ. ಹೊಟ್ಟೆಯಲ್ಲಿರುವುದು ಮೇಲಕ್ಕೆ ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆದ್ದರಿಂದ ಮಾಂಸದೂಟ ಅಥವಾ ಎಣ್ಣೆಯಲ್ಲಿ ಕರಿದ ತಿಂಡಿಗೆ 8 ಗಂಟೆ, ಇಡ್ಲಿಯಂಥ ಲಘು ಆಹಾರಕ್ಕೆ 6 ಗಂಟೆ, ತಿಳಿನೀರಿಗೆ 2 ಗಂಟೆಯ ಅಂತರವಿರಬೇಕು. ಹಾಲು ಲಘು ಆಹಾರದ ಲೆಕ್ಕಕ್ಕೇ ಸೇರುತ್ತದೆ. ಹಾಲು ಹಾಕಿದ ಕಾಫಿ, ಟೀ, ಮಜ್ಜಿಗೆ, ರಾಗಿ ಅಂಬಲಿ, ಗಂಜಿ ಎಲ್ಲಕ್ಕೂ 6 ಗಂಟೆ. ನೀರು, ಸಕ್ಕರೆ ನೀರು, ಹಾಲಿಲ್ಲದ ಕಪ್ಪು ಕಾಫಿ, ತಿರುಳಿಲ್ಲದೆ ಸೋಸಿದ ಹಣ್ಣಿನ ರಸ ತಿಳಿ ದ್ರವಗಳು. ಕಾಫಿ ಇಲ್ಲದೆ ತಲೆನೋವು ಬರುವವರು ಹಾಲಿಲ್ಲದ ಕಾಫಿಯನ್ನು ಅರಿವಳಿಕೆಗೆ ಎರಡು ಗಂಟೆ ಮೊದಲು ಕುಡಿಯಬಹುದೇ ಎಂದು ಕೇಳಿ, ಒಪ್ಪಿಗೆ ಪಡೆಯಿರಿ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮಧ್ಯಾಹ್ನ 2 ಗಂಟೆಯ ಸರದಿಯಿರುವ ರೋಗಿಯನ್ನು ಹಿಂದಿನ ರಾತ್ರಿ 8ರಿಂದ ಒಂದು ಹನಿ ನೀರೂ ಕೊಡದೆ ಕೂರಿಸುತ್ತಾರೆ. ಬಾಯಾರಿ ಬಳಲಿದ ದೇಹಕ್ಕೆ ಅನಿಲದ ಒತ್ತಡ ಬಿದ್ದಾಗ ಬಿಪಿ ಹೆಚ್ಚು ಕುಸಿಯುತ್ತದೆ. ‘ನಮ್ಮ ಸರದಿ ಎಷ್ಟು ಗಂಟೆಗೆ, ನೀರನ್ನು ಎಷ್ಟು ಗಂಟೆಯವರೆಗೆ ಕೊಡಬಹುದು?’ ಎಂದು ಹಿಂದಿನ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆಳಗಿನ ಮೊದಲ ಸರದಿಯನ್ನೇ ಕೇಳಿಕೊಳ್ಳಿ.

ಹಂತ 5: ಶಸ್ತ್ರಚಿಕಿತ್ಸೆಯ ಬೆಳಿಗ್ಗೆ

ಮೂಗುತಿ, ಓಲೆ, ಬಳೆ, ಕಾಲುಂಗುರ, ತಾಳಿ ಎಲ್ಲವನ್ನೂ ಮನೆಯಲ್ಲೇ ತೆಗೆದಿಡಿ. ವಿದ್ಯುತ್ತಿನಿಂದ ರಕ್ತನಾಳ ಸುಡುವ ಉಪಕರಣ ಬಳಸುವಾಗ ಲೋಹ ತಗುಲಿದಲ್ಲಿ ಚರ್ಮ ಸುಡಬಹುದು. ವರ್ಷಗಳಿಂದ ತೆಗೆಯದ ಮೂಗುತಿಯ ತಿರುಪನ್ನು ಹಿಂದಿನ ವಾರವೇ ಬಿಚ್ಚಿಸಿ. ತಾಳಿ ತೆಗೆಯಲು ಮನಸ್ಸೊಪ್ಪದಿದ್ದರೆ ಅರಿಶಿನ ಕೊಂಬನ್ನು ದಾರದಲ್ಲಿ ಕಟ್ಟಿಕೊಂಡು ಬರುವವರಿದ್ದಾರೆ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಉಗುರುಬಣ್ಣ ಅಳಿಸಿ, ಬೆರಳ ತುದಿಗೆ ಕಪ್ಪು ಮೆಹಂದಿ ಬೇಡ. ಆಮ್ಲಜನಕ ಅಳೆಯುವ ಕ್ಲಿಪ್ ಬೆರಳ ತುದಿಯ ಬಣ್ಣವನ್ನೇ ಓದುತ್ತದೆ.

ಬಾಯಿಯನ್ನು ಚೆನ್ನಾಗಿ ಮುಕ್ಕಳಿಸಿ, ದವಡೆಯ ಸಂದಿಯನ್ನು ಬೆರಳಿಂದ ತಡವಿ ನೋಡಿ. ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಂಡ ಅಡಿಕೆ ಚೂರನ್ನು ಲ್ಯಾರಿಂಗೋಸ್ಕೋಪಿನ ಬೆಳಕಿನಲ್ಲಿ ಕಂಡು ಹೊರತೆಗೆದ ಅನುಭವ ನನಗಿದೆ. ಅದು ಸ್ವಲ್ಪ ಹಿಂದಕ್ಕೆ ಸರಿದಿದ್ದರೆ ನೇರ ಶ್ವಾಸನಾಳಕ್ಕೆ ಇಳಿಯುತ್ತಿತ್ತು.

ಹಂತ 6: ಓಟಿಯೊಳಗೆ ನಡೆಯುವುದು

ಇಲ್ಲಿ ರೋಗಿ ಮಾಡಬೇಕಾದ್ದು ಹೆಚ್ಚಿಲ್ಲ. ಎದೆಗೆ ಇಸಿಜಿ ಅಂಟುಗಳು, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಕ್ಲಿಪ್ ಹಾಕಿದ ಮೇಲೆ ಮುಖಕ್ಕೆ ಮಾಸ್ಕ್ ಇಟ್ಟು ಮೂರು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಮುಖ ತಿರುಗಿಸದೆ ನಿಧಾನವಾಗಿ, ಆಳವಾಗಿ ಉಸಿರೆಳೆದುಕೊಳ್ಳಿ. ಟ್ಯೂಬ್ ಹಾಕುವವರೆಗಿನ ನಿಮಿಷಗಳಿಗೆ ಅದೇ ನಿಮ್ಮ ಉಳಿತಾಯ. ಪ್ರೊಪೊಫಾಲ್ ಎಂಬ ಹಾಲಿನಂಥ ಔಷಧ ರಕ್ತನಾಳ ಸೇರುವಾಗ ಕೈ ಉರಿಯಬಹುದು, ಗಾಬರಿ ಬೇಡ.

ನಿದ್ರೆ ಬಂದ ನಂತರದ ಕೆಲಸ ನಮ್ಮದು. ಹೊಟ್ಟೆಗೆ ಅನಿಲ ತುಂಬುವ ಕ್ಷಣದಲ್ಲಿ ಹೃದಯಬಡಿತ ಹಠಾತ್ತಾಗಿ ಇಳಿಯಬಹುದು. ಆಗ ಅನಿಲ ನಿಲ್ಲಿಸಿ, ಅಗತ್ಯವಿದ್ದರೆ ಬಡಿತ ಏರಿಸುವ ಅಟ್ರೋಪಿನ್ ಕೊಡುತ್ತೇವೆ. ವಪೆ ಮೇಲಕ್ಕೆ ಸರಿದಾಗ ಟ್ಯೂಬಿನ ತುದಿ ಬಲ ಶ್ವಾಸಕೋಶದ ಕವಲಿಗೆ ಇಳಿಯಬಹುದಾದ್ದರಿಂದ ಎದೆಯ ಎರಡೂ ಬದಿಯನ್ನು ಮತ್ತೊಮ್ಮೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತೇವೆ. ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಪ್ರತಿ ಉಸಿರಿಗೂ ಅಳೆಯುತ್ತೇವೆ. ಅದು ಏರುತ್ತಿದ್ದರೆ ಯಂತ್ರದ ಉಸಿರನ್ನು ಹೆಚ್ಚಿಸುತ್ತೇವೆ, ಥಟ್ಟನೆ ಕುಸಿದರೆ ರಕ್ತನಾಳಕ್ಕೆ ಅನಿಲ ಸೇರಿತೇ ಎಂದು ಅನುಮಾನಿಸುತ್ತೇವೆ. ಅದು ಬಹಳ ಅಪರೂಪ.

ಒಪ್ಪಿಗೆ ಪತ್ರದಲ್ಲಿ ‘ಅಗತ್ಯವಿದ್ದರೆ ತೆರೆದ ಶಸ್ತ್ರಚಿಕಿತ್ಸೆ’ ಎಂಬ ಸಾಲಿರುತ್ತದೆ. ಸಹಿ ಮಾಡುವ ಮೊದಲು ಅದನ್ನು ಓದಿ, ಹಾಗಾದರೆ ನೋವು ನಿವಾರಣೆ ಹೇಗೆ ಎಂದು ಕೇಳಿಟ್ಟುಕೊಳ್ಳಿ.

ಹಂತ 7: ಎಚ್ಚರವಾದ ಮೇಲಿನ ಮೊದಲ ಗಂಟೆಗಳು

ಓಕರಿಕೆ, ವಾಂತಿ ಈ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯ. ಮಹಿಳೆಯರಲ್ಲಿ, ಧೂಮಪಾನ ಮಾಡದವರಲ್ಲಿ, ಘಾಟಿಯ ಬಸ್ ಪ್ರಯಾಣದಲ್ಲಿ ವಾಂತಿಯಾಗುವವರಲ್ಲಿ ಮತ್ತು ನಂತರ ಅಫೀಮು ವರ್ಗದ ನೋವು ನಿವಾರಕ ಬೇಕಾದವರಲ್ಲಿ ಸಾಧ್ಯತೆ ಹೆಚ್ಚು. ಬಸ್ಸಿನ ವಾಂತಿಯ ವಿಷಯವನ್ನು ತಪಾಸಣೆಯಲ್ಲೇ ಹೇಳಿದರೆ ವಾಂತಿ ತಡೆಯುವ ಡೆಕ್ಸಾಮೆಥಾಸೋನ್, ಒಂಡಾನ್‌ಸೆಟ್ರಾನ್ ಮೊದಲೇ ಕೊಟ್ಟಿರುತ್ತಾರೆ.

ಬಲ ಭುಜದಲ್ಲಿ ನೋವು ಬಂದರೆ ಕೈ ತಿರುಚಿದ್ದಾರೆಂದು ಭಾವಿಸಬೇಡಿ. ಉಳಿದ ಅನಿಲವು ವಪೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ. ಎದ್ದು ನಿಧಾನವಾಗಿ ಓಡಾಡುವುದರಿಂದ, ಹೇಳಿದ ನೋವಿನ ಮಾತ್ರೆಯಿಂದ ಒಂದೆರಡು ದಿನದಲ್ಲಿ ಇಳಿಯುತ್ತದೆ. ಟ್ಯೂಬಿನಿಂದಾದ ಗಂಟಲು ಕೆರೆತವೂ ಹಾಗೆಯೇ. ಆದರೆ ಎದೆಯಲ್ಲಿ ಬಿಗಿತ, ಬೆವರು, ಏದುಸಿರು ಜೊತೆಗಿದ್ದರೆ ಅದನ್ನು ‘ಗ್ಯಾಸ್ ನೋವು’ ಎಂದು ತಳ್ಳಿಹಾಕದೆ ತಕ್ಷಣ ನರ್ಸನ್ನು ಕರೆಯಿರಿ.

ನೋಡಲು ಬಂದವರು ಪ್ರೀತಿಯಿಂದ ಎಳನೀರು, ಕಾಫಿ ಕೊಡಲು ಮುಂದಾಗುತ್ತಾರೆ. ವಾರ್ಡಿನವರು ಹೇಳುವವರೆಗೆ ಒಂದು ಗುಟುಕೂ ಬೇಡ. ಗೊರಕೆಯ ತೊಂದರೆ ಇರುವವರನ್ನು ತಲೆ ಎತ್ತರಿಸಿ ಮಲಗಿಸಿ, ರಾತ್ರಿ ಯಾರಾದರೂ ಎಚ್ಚರವಿರಿ.

ಹಂತ 8: ಮನೆಗೆ ಬಂದ ಮೇಲೆ

ಮೊದಲ 24 ಗಂಟೆ ವಾಹನ ಓಡಿಸುವುದು, ಒಲೆಯ ಮುಂದೆ ಒಂಟಿಯಾಗಿ ನಿಲ್ಲುವುದು, ಮದ್ಯ, ಬ್ಯಾಂಕ್ ಅಥವಾ ಜಮೀನಿನ ಕಾಗದಗಳಿಗೆ ಸಹಿ ಹಾಕುವುದು ಬೇಡ. ನಿಲ್ಲಿಸಿದ್ದ ಪ್ರತಿಯೊಂದು ಮಾತ್ರೆಯನ್ನು ಯಾವ ದಿನ ಮತ್ತೆ ಆರಂಭಿಸಬೇಕು ಎಂಬುದನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆಸಿಕೊಳ್ಳಿ. ಕ್ಲೊಪಿಡೊಗ್ರೆಲ್ ನಿಲ್ಲಿಸಿದ್ದು ನೆನಪಿದ್ದು, ಮತ್ತೆ ಆರಂಭಿಸುವುದು ಮರೆತುಹೋದರೆ ಸ್ಟೆಂಟ್ ಮುಚ್ಚಿಕೊಳ್ಳಬಹುದು.

ಜ್ವರ, ಕಣ್ಣು ಹಳದಿಯಾಗುವುದು, ಕಡಿಮೆಯಾಗುವ ಬದಲು ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಒಂದು ಕಾಲಿನ ಮೀನಖಂಡ ಮಾತ್ರ ಊದಿಕೊಳ್ಳುವುದು, ಉಸಿರುಕಟ್ಟುವುದು: ಇವುಗಳಲ್ಲಿ ಯಾವುದೇ ಕಂಡರೂ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ.

ಟ್ಯೂಬ್ ಹಾಕುವುದು ಕಷ್ಟವಾಯಿತು, ಯಾವುದೋ ಔಷಧ ಒಗ್ಗಲಿಲ್ಲ ಅಥವಾ ಉಸಿರು ಮರಳುವುದು ತಡವಾಯಿತು ಎಂದು ಅರಿವಳಿಕೆ ತಜ್ಞರು ಹೇಳಿದರೆ ಅದನ್ನು ಅವರಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಂಡು ಫೈಲಿನ ಮೊದಲ ಹಾಳೆಯಾಗಿ ಇಡಿ, ಅದರ ಫೋಟೋವನ್ನು ಮಕ್ಕಳ ಫೋನಿನಲ್ಲೂ ಇಟ್ಟಿರಿ. ಮುಂದೆಂದೋ ಒಂದು ರಾತ್ರಿ, ಬೇರೆ ಊರಿನಲ್ಲಿ, ತುರ್ತಾಗಿ ಅರಿವಳಿಕೆ ಕೊಡಬೇಕಾದ ವೈದ್ಯರು ಮೊದಲು ಹುಡುಕುವುದು ಆ ಹಾಳೆಯನ್ನೇ.